ಕುದುರೆಗೆ ಫಿಸಿಯೊ ಬೇಕೆ? ಯಾರನ್ನು ಕರೆಸಬೇಕು?

ಓದುಗರ ಪ್ರಶ್ನೆ – ತಜ್ಞರ ಉತ್ತರ

ಮುಂಬೈ, ಪುಣೆ, ಗೋವಾ ಕಡೆಯಿಂದ ಕುದುರೆಗಳ ಫಿಸಿಯೊಥೆರಪಿ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರ ಬರೆದವರು ಕುದುರೆಗಳನ್ನೇ ನೋಡುವ ಪಶುವೈದ್ಯರು ಮತ್ತು ಪುನಶ್ಚೇತನ ಚಿಕಿತ್ಸಕರು.

ಪ್ರಶ್ನೆ: ರೇಸಿನಿಂದ ನಿವೃತ್ತಿಯಾದ ಏಳು ವರ್ಷದ ಥರೋಬ್ರೆಡ್ ಕುದುರೆಯನ್ನು ಮಗಳ ಸವಾರಿಗೆಂದು ತೆಗೆದುಕೊಂಡೆವು. ಬಲಸುತ್ತಿನಲ್ಲಿ ಕ್ಯಾಂಟರ್ (ನಿಧಾನದ ನಾಗಾಲೋಟ) ಹಿಡಿಯುವುದಿಲ್ಲ. ಹೊಟ್ಟೆಪಟ್ಟಿ ಬಿಗಿಯಲು ಹೋದರೆ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಬರುತ್ತದೆ. "ಬೆನ್ನು ಹಿಡಿದುಕೊಂಡಿದೆ, ಫಿಸಿಯೊ ಮಾಡಿಸಿ" ಎಂದು ರೈಡಿಂಗ್ ಸ್ಕೂಲಿನವರು ಮೂವರ ನಂಬರು ಕೊಟ್ಟಿದ್ದಾರೆ. ಮೂವರಲ್ಲಿ ಯಾರು ಸರಿ ಎಂದು ಹೇಗೆ ತಿಳಿಯುವುದು? — ಕೋಥ್ರೂಡ್, ಪುಣೆ

ಉತ್ತರ: ಆ ಮೂರು ನಂಬರುಗಳಿಗೆ ಫೋನ್ ಮಾಡುವ ಮೊದಲು ಪಶುವೈದ್ಯರನ್ನು ಕರೆಸಿ. ಬೆನ್ನು ಹಿಡಿದಿದೆ ಎಂದು ಈಗ ಹೇಳುತ್ತಿರುವುದು ಊಹೆ ಅಷ್ಟೆ. ಯಾರೂ ಇನ್ನೂ ಪರೀಕ್ಷೆ ಮಾಡಿಲ್ಲ. ನೀವು ಬರೆದ ಲಕ್ಷಣಗಳು ಕಡಿಮೆಯೆಂದರೂ ನಾಲ್ಕು ಬೇರೆ ಬೇರೆ ತೊಂದರೆಗಳಿಗೆ ಹೊಂದುತ್ತವೆ. ಮೊದಲನೆಯದು ಹೊಟ್ಟೆ ಹುಣ್ಣು. ರೇಸ್ ತರಬೇತಿಯಲ್ಲಿದ್ದ ಕುದುರೆಗಳಲ್ಲಿ ಇದು ಬಹಳ ಸಾಮಾನ್ಯ. ಕಾಳು ಹೆಚ್ಚು, ಹುಲ್ಲು ಕಡಿಮೆ, ದಿನವಿಡೀ ಲಾಯದೊಳಗೆ ಕಟ್ಟಿಹಾಕಿದ ಬದುಕು ಇದಕ್ಕೆ ಕಾರಣ. ಪಟ್ಟಿ ಬಿಗಿದಾಗ ಕಚ್ಚಲು ಬರುವುದು ಅದರ ಗುರುತೂ ಆಗಬಹುದು. ಎಷ್ಟು ಮಾಲೀಶು ಮಾಡಿದರೂ ಹುಣ್ಣು ವಾಸಿಯಾಗದು. ಎರಡನೆಯದು ಜೀನಿನ ಕೆಳಗೆ ಬರುವ ಬೆನ್ನುಮೂಳೆಯ ಮುಳ್ಳುಗಳು ಒಂದಕ್ಕೊಂದು ತಾಗುವುದು. ಕುದುರೆಗೆ ಎದೆಭಾಗದ ಬೆನ್ನುಮಣಿಗಳು 18. ಈ ತೊಂದರೆ ಹೆಚ್ಚಾಗಿ ಕಾಣುವುದು 13ರಿಂದ 18ರ ನಡುವೆ, ಅಂದರೆ ಸವಾರ ಕೂರುವ ಜಾಗದಲ್ಲೇ. ಎಕ್ಸ್‌ರೇ ಇಲ್ಲದೆ ಇದನ್ನು ಖಚಿತವಾಗಿ ಹೇಳಲಾಗದು. ಮೂರನೆಯದು ಹಿಂಗಾಲಿನ ಕೀಲು ನೋವು, ಅದರಲ್ಲೂ ಕಾಲಿನ ನಡುವೆ ಹಿಂದಕ್ಕೆ ಚಾಚಿದ ಹಾಕ್ ಕೀಲಿನದು. ಕಾಲು ನೋಯುವ ಕುದುರೆ ಬೆನ್ನು ಬಿಗಿಹಿಡಿದು ನಡೆಯುತ್ತದೆ, ಬೆನ್ನಿನ ನೋವು ಅಲ್ಲಿಂದ ಹುಟ್ಟಿದ್ದಾಗಿರುತ್ತದೆ. ನಾಲ್ಕನೆಯದು ಜೀನು. ರೇಸಿನ ಪುಟ್ಟ ಜೀನಿಗೆ ಹೊಂದಿಕೊಂಡ ಬೆನ್ನಿನ ಮೇಲೆ ರೈಡಿಂಗ್ ಸ್ಕೂಲಿನ ಹಳೆಯ ಜೀನು ಹಾಕಿದ್ದರೆ ಜೀನಿನ ಕೆಳಗಿನ ಎರಡು ದಿಂಬುಗಳ ನಡುವಿನ ಕಾಲುವೆ ಕಿರಿದಾಗಿ ಮುಳ್ಳುಮೂಳೆಯನ್ನೇ ಒತ್ತುತ್ತಿರಬಹುದು. ಸವಾರಿ ಮುಗಿಸಿ ಜೀನು ಇಳಿಸಿದಾಗ ಬೆವರಿನ ನಡುವೆ ಒಣಗಿದ ತೇಪೆಗಳು ಕಂಡರೆ, ಅಥವಾ ಆ ಜಾಗದಲ್ಲಿ ಬಿಳಿಕೂದಲು ಬಂದಿದ್ದರೆ, ಒತ್ತಡ ಎಲ್ಲಿ ಬೀಳುತ್ತಿದೆ ಎಂಬುದು ಬೇರೆ ಯಾರೂ ಹೇಳದೆಯೇ ತಿಳಿಯುತ್ತದೆ.

ಪಶುವೈದ್ಯರು ಕಾರಣ ಹೇಳಿದ ಮೇಲೆ ಚಿಕಿತ್ಸಕರ ಆಯ್ಕೆ. ನಮ್ಮ ದೇಶದಲ್ಲಿ ಕುದುರೆಗಳ ಫಿಸಿಯೊ ಎಂಬ ವೃತ್ತಿಗೆ ಪ್ರತ್ಯೇಕ ಪರಿಷತ್ತಾಗಲಿ ಪರವಾನಗಿಯಾಗಲಿ ಇಲ್ಲ. ಹಾಗಾಗಿ ವಿಸಿಟಿಂಗ್ ಕಾರ್ಡಿನ ಮೇಲೆ ಏನು ಬೇಕಾದರೂ ಅಚ್ಚು ಹಾಕಿಸಿಕೊಳ್ಳಬಹುದು. ಆದರೆ 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯಂತೆ ಪ್ರಾಣಿಗೆ ವೈದ್ಯ ಮಾಡುವ ಹಕ್ಕು ನೋಂದಾಯಿತ ಪಶುವೈದ್ಯರದು. ರೋಗ ಇಂಥದೇ ಎಂದು ನಿರ್ಧರಿಸುವುದು, ಚುಚ್ಚುಮದ್ದು, ಮಾತ್ರೆ ಎಲ್ಲ ಅವರ ಕೆಲಸ. ಆದ್ದರಿಂದ ಮೂವರಿಗೂ ಮೊದಲು ಒಂದೇ ಪ್ರಶ್ನೆ ಕೇಳಿ: "ನಿಮ್ಮ ಮೂಲ ಪದವಿ ಯಾವುದು?" ಬಿವಿಎಸ್‌ಸಿ (ಪಶುವೈದ್ಯ ಪದವಿ) ಮಾಡಿದವರಾದರೆ ರಾಜ್ಯ ಪಶುವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ, ಕೇಳಿ ಬರೆದುಕೊಳ್ಳಿ. ಬಿಪಿಟಿ (ಫಿಸಿಯೊಥೆರಪಿ ಪದವಿ) ಮಾಡಿದ ಮನುಷ್ಯರ ಫಿಸಿಯೊಥೆರಪಿಸ್ಟ್ ಆದರೆ ಆಮೇಲೆ ಕುದುರೆಗಳ ಮೇಲೆ ಎಲ್ಲಿ, ಯಾರ ಕೈಕೆಳಗೆ, ಎಷ್ಟು ತಿಂಗಳು ಕಲಿತರು ಎಂದು ವಿಚಾರಿಸಿ. ಎರಡೂ ಅಲ್ಲದೆ ಕೋರ್ಸ್ ಸರ್ಟಿಫಿಕೇಟ್ ಮಾತ್ರ ಇದ್ದರೆ, ಆ ಕೋರ್ಸಿನಲ್ಲಿ ಜೀವಂತ ಕುದುರೆ ಇತ್ತೇ, ವಿಡಿಯೊ ಮಾತ್ರವೇ ಎಂದು ಕೇಳಲು ಸಂಕೋಚ ಬೇಡ. ವಾರಾಂತ್ಯದ ಕೋರ್ಸ್ ಮುಗಿಸಿದವರು ಆರೋಗ್ಯವಂತ ಕುದುರೆಗೆ ಹಿತವಾದ ಮಾಲೀಶು ಮಾಡಬಲ್ಲರು. ನೋಯುತ್ತಿರುವ ಕುದುರೆಯನ್ನು ಅವರ ಕೈಗೆ ಕೊಡಬಾರದು.

ಎರಡನೆಯ ಪ್ರಶ್ನೆ: "ಯಾವ ಸ್ಥಿತಿಯಲ್ಲಿ ನೀವು ಕುದುರೆಯನ್ನು ಮುಟ್ಟುವುದಿಲ್ಲ?" ಇದಕ್ಕೆ ತಡವರಿಸದೆ ಉತ್ತರ ಬರಬೇಕು. ಜ್ವರ ಇದ್ದಾಗ (ಕುದುರೆಯ ಸಹಜ ತಾಪ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್), ಪೆಟ್ಟು ಬಿದ್ದು ಎರಡು ಮೂರು ದಿನದೊಳಗೆ ಊತ ಬಿಸಿಯಾಗಿದ್ದಾಗ, ಚರ್ಮದಲ್ಲಿ ಬೂಸ್ಟು ಹುಣ್ಣು ಇದ್ದಾಗ, ಗಡ್ಡೆ ಇದ್ದ ಕಡೆ, ಗೊರಸಿನೊಳಗೆ ಉರಿಯೂತ ಬರುವ ಲ್ಯಾಮಿನೈಟಿಸ್‌ನಲ್ಲಿ, ಕೆಲಸದ ಬಳಿಕ ಪೃಷ್ಠದ ಸ್ನಾಯುಗಳು ಕಲ್ಲಿನಂತೆ ಗಟ್ಟಿಯಾಗಿ ಮೂತ್ರ ಕಪ್ಪಾಗುವ ಟೈಯಿಂಗ್ ಅಪ್‌ನಲ್ಲಿ ಮುಟ್ಟಬಾರದು. "ನಾನು ಎಲ್ಲವನ್ನೂ ಸರಿ ಮಾಡುತ್ತೇನೆ" ಎನ್ನುವವರಿಗೆ ಅಲ್ಲೇ ನಮಸ್ಕಾರ ಹೇಳಿಬಿಡಿ. ಮೂರನೆಯದು, ನಿಮ್ಮ ಪಶುವೈದ್ಯರ ಜೊತೆ ಅವರು ಮಾತಾಡಲು ಒಪ್ಪುತ್ತಾರೆಯೇ, ಬರೆದ ವರದಿ ಕೊಡುತ್ತಾರೆಯೇ ಎಂಬುದು. ವರದಿ ಇಲ್ಲದಿದ್ದರೆ ಮುಂದಿನ ಸಲ ಬಂದಾಗ ಏನು ಬದಲಾಗಿದೆ ಎಂದು ಅವರಿಗೇ ನೆನಪಿರುವುದಿಲ್ಲ.

ಮೊದಲ ಭೇಟಿಯಲ್ಲೇ ಅವರ ಕಸುಬು ತಿಳಿಯುತ್ತದೆ. ಗಂಟೆಯಿಂದ ಒಂದೂವರೆ ಗಂಟೆ ಹಿಡಿಯಬೇಕು, ಅದರಲ್ಲಿ ಅರ್ಧ ಸಮಯ ಕೈ ಕುದುರೆಯ ಮೈಗೆ ತಾಗಬಾರದು. ವಯಸ್ಸು, ಕೆಲಸ, ಹಳೆಯ ಗಾಯ, ಹಲ್ಲು ನೋಡಿಸಿದ್ದು ಯಾವಾಗ, ಲಾಳ ಬದಲಿಸಿದ್ದು ಯಾವಾಗ ಎಲ್ಲ ಕೇಳಬೇಕು. ಈಗ ಫೆನೈಲ್‌ಬ್ಯುಟಜೋನ್‌ನಂಥ ನೋವಿನ ಔಷಧ ನಡೆಯುತ್ತಿದೆಯೇ ಎಂಬುದೂ ಮುಖ್ಯ, ಏಕೆಂದರೆ ಔಷಧದ ಕೆಳಗೆ ನೋವು ಅಡಗಿರುತ್ತದೆ. ಆಮೇಲೆ ಕುದುರೆಯನ್ನು ಸಮನೆಲದಲ್ಲಿ ನಾಲ್ಕು ಕಾಲಿನ ಮೇಲೆ ಚೌಕವಾಗಿ ನಿಲ್ಲಿಸಿ ಮುಂದಿನಿಂದ, ಹಿಂದಿನಿಂದ, ಎರಡೂ ಪಕ್ಕದಿಂದ ನೋಡಬೇಕು: ಎಡಬಲ ಭುಜದ ಸ್ನಾಯು ಒಂದೇ ತೆರನಾಗಿದೆಯೇ, ಪೃಷ್ಠದ ಒಂದು ಕಡೆ ಇಳಿದಿದೆಯೇ, ನಾಲ್ಕು ಗೊರಸುಗಳ ಕೋನ ಹೇಗಿದೆ ಎಂದು. ಬಳಿಕ ಗಟ್ಟಿ ನೆಲದಲ್ಲಿ ನೇರ ನಡಿಗೆ, ನೇರ ಟ್ರಾಟ್ (ಕುಕ್ಕುಲೋಟ), ಸಣ್ಣ ಸುತ್ತು, ಐದಾರು ಹೆಜ್ಜೆ ಹಿಂದಕ್ಕೆ, ಕೊನೆಗೆ ನಡುವೆ ನಿಂತವರು ಹಿಡಿದ ಉದ್ದನೆಯ ಲಂಜ್ ಹಗ್ಗದಲ್ಲಿ ಎಡಬಲ ಎರಡೂ ಸುತ್ತು. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲಕ್ಕೆ ತಾಗಿದಾಗ ತಲೆ ಮೇಲೇಳುತ್ತದೆ, ಸರಿಯಿರುವ ಕಾಲು ತಾಗಿದಾಗ ಕೆಳಗಿಳಿಯುತ್ತದೆ. ಹಿಂಗಾಲಿನದು ಸೊಂಟದ ಏರಿಳಿತದಲ್ಲಿ ಕಾಣುತ್ತದೆ. ಇಷ್ಟೆಲ್ಲ ಆದ ಮೇಲೆ ಅಂಗೈ ಚಪ್ಪಟೆಯಾಗಿಟ್ಟು ಕತ್ತಿನಿಂದ ಬಾಲದ ಬುಡದವರೆಗೆ ತಡವಿ, ಎಲ್ಲಿ ಚರ್ಮ ನಡುಗುತ್ತದೆ, ಎಲ್ಲಿ ಬೆನ್ನು ಕುಸಿಯುತ್ತದೆ ಎಂದು ಗುರುತಿಸಬೇಕು. ಜೀನನ್ನೂ ಹಾಕಿ ನೋಡಬೇಕು: ಸವಾರ ಕೂತಾಗಲೂ ಕತ್ತು ಮುಗಿಯುವಲ್ಲಿನ ಭುಜದ ದಿಬ್ಬದ ಮೇಲೆ ಎರಡು ಮೂರು ಬೆರಳು ಜಾಗ ಉಳಿಯಬೇಕು, ಜೀನಿನ ಹಿಂಬದಿ ಕೊನೆಯ ಪಕ್ಕೆಲುಬನ್ನು ದಾಟಬಾರದು. ಬಂದವರೇ ಚೀಲದಿಂದ ಎಣ್ಣೆ ಬಾಟಲಿ ತೆಗೆದು ಬೆನ್ನಿಗೆ ಸುರಿದರೆ, ಅವರ ಕೈಯಲ್ಲಿ ಎಷ್ಟೇ ಗುಣವಿದ್ದರೂ ನಿಮ್ಮ ಈ ಕುದುರೆಗೆ ಅವರು ಬೇಡ.

ಇನ್ನೊಂದು ಮಾತು. ಒಬ್ಬರೇ ಚಿಕಿತ್ಸಕರು ಒಂದೇ ದಿನ ನಾಲ್ಕು ಲಾಯ ಸುತ್ತುತ್ತಾರೆ. ಕುದುರೆಯಿಂದ ಕುದುರೆಗೆ ಹೋಗುವಾಗ ಕೈ ತೊಳೆಯದವರು, ಒಂದೇ ಬ್ರಷ್, ಒಂದೇ ಟವೆಲ್ ಬಳಸುವವರು ಬೇಡ. ಗಂಟಲ ಗ್ರಂಥಿ ಊದಿ ಕೀವಾಗುವ ಸ್ಟ್ರ್ಯಾಂಗಲ್ಸ್ ರೋಗ ಹೀಗೇ ಹರಡುತ್ತದೆ. ಕುದುರೆಗಳ ಮಾರಕ ಸೋಂಕಾದ ಗ್ಲ್ಯಾಂಡರ್ಸ್ ಆದರೆ ಮನುಷ್ಯರಿಗೂ ಅಂಟುತ್ತದೆ. ಅನುಮಾನ ಬಂದರೂ ಸರಕಾರಕ್ಕೆ ತಿಳಿಸಲೇಬೇಕಾದ ರೋಗ ಅದು.

ಪ್ರಶ್ನೆ: ಮಗಳು ಬಿಪಿಟಿ ಮುಗಿಸಿದ್ದಾಳೆ, ಚಿಕ್ಕಂದಿನಿಂದ ಕುದುರೆ ಸವಾರಿಯ ಹುಚ್ಚು. ಮಹಾಲಕ್ಷ್ಮಿ ರೇಸ್‌ಕೋರ್ಸ್ ಕಡೆಯ ಲಾಯಗಳಲ್ಲಿ ಕುದುರೆಗಳಿಗೆ ಚಿಕಿತ್ಸೆ ಕೊಡಬಹುದೇ? — ಮಾಟುಂಗಾ, ಮುಂಬೈ

ಉತ್ತರ: ಪಶುವೈದ್ಯರ ಶಿಫಾರಸಿನ ಮೇಲೆ, ಅವರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವುದು ಸರಿಯಾದ ದಾರಿ. ಮನುಷ್ಯರ ಫಿಸಿಯೊಥೆರಪಿಸ್ಟರು 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆಯ ಕೆಳಗೆ ಬರುತ್ತಾರೆ. ಆ ನೋಂದಣಿ ಪ್ರಾಣಿಗಳಿಗೆ ಚಿಕಿತ್ಸೆ ಕೊಡುವ ಪರವಾನಗಿಯಾಗುವುದಿಲ್ಲ.

ಅವರು ಕಲಿತ ಸ್ನಾಯುಜ್ಞಾನ, ವ್ಯಾಯಾಮಗಳನ್ನು ಹಂತಹಂತವಾಗಿ ಏರಿಸುವ ಕ್ರಮ, ನೋವಿನ ತಿಳಿವಳಿಕೆ ಬಹಳ ಬೆಲೆಬಾಳುವಂಥದು, ಹಲವು ಪಶುವೈದ್ಯರಿಗೂ ಅಷ್ಟು ಸೂಕ್ಷ್ಮವಾಗಿ ಅಭ್ಯಾಸವಿರುವುದಿಲ್ಲ. ಆದರೆ ಅಂಗರಚನೆಯನ್ನು ಮೊದಲಿನಿಂದ ಓದಬೇಕು. ನಮ್ಮ ಭುಜವನ್ನು ಎದೆಗೆ ಸೇರಿಸುವ ಕೊರಳಪಟ್ಟಿಯ ಮೂಳೆ (ಕ್ಲಾವಿಕಲ್) ಕುದುರೆಗೆ ಇಲ್ಲವೇ ಇಲ್ಲ. ಮುಂಗಾಲು ಎದೆಗೂಡಿಗೆ ಮೂಳೆಯ ಕೀಲಿನಿಂದ ಸೇರಿಲ್ಲ. ಇಡೀ ಎದೆ ಎರಡು ಭುಜಗಳ ನಡುವೆ ಸ್ನಾಯುಗಳ ತೊಟ್ಟಿಲಲ್ಲಿ ತೂಗಿರುತ್ತದೆ. ಮೈತೂಕದಲ್ಲಿ ಸುಮಾರು ಶೇ. 60 ಭಾಗ ಬೀಳುವುದೂ ಆ ಮುಂಗಾಲುಗಳ ಮೇಲೆ. ಸವಾರರು ಮುಂಗಾಲಿನ ಮಂಡಿ ಎನ್ನುವುದು ನಮ್ಮ ಮಣಿಕಟ್ಟಿಗೆ ಸಮ. ಹಾಕ್ ನಮ್ಮ ಹಿಮ್ಮಡಿಯ ಕೀಲು. ನಮ್ಮ ಮಂಡಿಗೆ ಸಮನಾದ ಸ್ಟೈಫಲ್ ಇರುವುದು ಹೊಟ್ಟೆಯ ಪಕ್ಕ, ತೊಡೆಯ ಕೆಳಗೆ. ಇಷ್ಟನ್ನು ತಿಳಿಯದೆ ಮನುಷ್ಯರ ವ್ಯಾಯಾಮ ಪಟ್ಟಿಯನ್ನೇ ಎತ್ತಿ ಕುದುರೆಗೆ ಹೇರಿದವರು ಕೀಲನ್ನು ತಪ್ಪು ದಿಕ್ಕಿಗೆ ಎಳೆಯುತ್ತಾರೆ.

ಕುದುರೆ ಎಲ್ಲಿ ನೋವು ಎಂದು ಹೇಳದು, ಮುಖ ಓದಬೇಕು: ಹಿಂದಕ್ಕೆ ತಿರುಗಿ ಬಿಗಿದ ಕಿವಿ, ಕಣ್ಣಿನ ಮೇಲೆ ಎದ್ದ ಕೋನ, ಬಿಗಿದ ದವಡೆ, ಮೊನಚಾದ ಮೂಗಿನ ಹೊಳ್ಳೆ. ಸವಾರಿಯಲ್ಲಿ ನೋವು ಗುರುತಿಸಲು ಬ್ರಿಟನ್ನಿನ ಪಶುವೈದ್ಯೆ ಸೂ ಡೈಸನ್ ಮತ್ತು ಸಂಗಡಿಗರು 24 ವರ್ತನೆಗಳ ಪಟ್ಟಿ ಮಾಡಿದ್ದಾರೆ. 8 ಅಥವಾ ಹೆಚ್ಚು ಕಂಡರೆ ಮೈಯಲ್ಲಿ ನೋವಿರುವ ಸಂಭವ ಹೆಚ್ಚು. ಮಗಳು ಇದನ್ನು ಬಾಯಿಪಾಠವೇ ಮಾಡಿಕೊಳ್ಳಲಿ.

ಸುರಕ್ಷತೆಯೂ ಹೊಸ ಪಾಠವೇ. ಪ್ರಾಣಿ 450–500 ಕಿಲೋ. ಕೆಲಸ ಮಾಡುವಾಗ ಎಂದೂ ನೆಲಕ್ಕೆ ಮಂಡಿಯೂರಬಾರದು. ಕುದುರೆ ಹಿಡಿದ ಸೈಸ್ (ಕುದುರೆ ನೋಡಿಕೊಳ್ಳುವ ಆಳು) ಚಿಕಿತ್ಸಕರು ನಿಂತ ಪಕ್ಕದಲ್ಲೇ ನಿಲ್ಲಬೇಕು, ಆಗ ಕುದುರೆ ಬೆದರಿದರೆ ತಲೆಯನ್ನು ಇವರ ಕಡೆಗೆ ಎಳೆದಾಗ ಹಿಂಭಾಗ ಆಚೆಗೆ ಸರಿಯುತ್ತದೆ. ಪರೇಲಿನ ಬಾಂಬೆ ಪಶುವೈದ್ಯ ಕಾಲೇಜು 1886ರಿಂದ ಇದೆ, ಮುಂಬೈಯವರಿಗೆ ಹತ್ತಿರ. ಕುದುರೆ ನೋಡುವ ಪಶುವೈದ್ಯರೊಬ್ಬರ ಹಿಂದೆ ಒಂದು ವರ್ಷ ಸುಮ್ಮನೆ ನಿಂತು ನೋಡುವ ತಾಳ್ಮೆ ಇದ್ದರೆ ಅವಳಿಗೆ ಈ ಕೆಲಸ ಒಗ್ಗುತ್ತದೆ.

ಪ್ರಶ್ನೆ: ನಮ್ಮ ಲಾಯದ ಸೈಸ್ ಚಿಕ್ಕಂದಿನಿಂದ ಕುದುರೆಗಳ ನಡುವೆಯೇ ಬೆಳೆದವನು, ಚೆನ್ನಾಗಿ ಮಾಲೀಶು ಮಾಡುತ್ತಾನೆ. ಅವನಿರುವಾಗ ದುಡ್ಡು ಕೊಟ್ಟು ಬೇರೆಯವರನ್ನು ತರಿಸಬೇಕೇ? — ವರ್ಲಿ, ಮುಂಬೈ

ಉತ್ತರ: ಅವರ ಕೈಯನ್ನು ಬಿಡಬೇಡಿ. ದಿನವೂ ಮೈ ತಿಕ್ಕುವವರಿಗೆ ಬಿಸಿ, ಊತ, ನಡುಕ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ತಿಂಗಳಿಗೊಮ್ಮೆ ಬರುವ ಚಿಕಿತ್ಸಕರು ಲಾಯಕ್ಕೆ ಕಾಲಿಟ್ಟ ಕೂಡಲೇ ಸೈಸ್‌ ಜೊತೆ ಮಾತಾಡದೆ ಯಜಮಾನರ ಜೊತೆಗೇ ಮಾತಾಡುತ್ತಿದ್ದರೆ ಅರ್ಧ ಮಾಹಿತಿ ಅವರಿಗೆ ಸಿಗುವುದೇ ಇಲ್ಲ. ಹುಲ್ಲು ಹೊಸೆದ ಸಿಂಬಿಯಿಂದ ಕತ್ತು, ಭುಜ, ಪೃಷ್ಠದ ದಪ್ಪ ಸ್ನಾಯುಗಳ ಮೇಲೆ ತಟ್ಟಿ ತಿಕ್ಕುವುದು ಒಳ್ಳೆಯದೇ; ಸೊಂಟದ ಮೇಲೆ, ಮೂಳೆ ತೆಳುವಾಗಿ ಮುಚ್ಚಿದ ಜಾಗಗಳ ಮೇಲೆ ಮಾತ್ರ ತಟ್ಟುವುದು ಬೇಡ.

ಎಣ್ಣೆ, ಮುಲಾಮುಗಳ ವಿಚಾರದಲ್ಲಿ ಎಚ್ಚರ. ಮೆಣಸಿನ ಖಾರದ ಅಂಶವಾದ ಕ್ಯಾಪ್ಸೈಸಿನ್ ಇರುವ ಮುಲಾಮು ಸ್ಪರ್ಧೆಯ ಕುದುರೆಗೆ ನಿಷಿದ್ಧ. 2008ರ ಒಲಿಂಪಿಕ್ಸ್‌ನ ಜಿಗಿತ ಸ್ಪರ್ಧೆ ಹಾಂಗ್‌ಕಾಂಗ್‌ನಲ್ಲಿ ನಡೆದಾಗ ಇದೇ ಪತ್ತೆಯಾಗಿ ನಾಲ್ಕು ಕುದುರೆಗಳನ್ನು ಹೊರಗಿಟ್ಟರು. ಆಯುರ್ವೇದ, ಮನೆಮದ್ದು ಎಂಬ ಹೆಸರಿನಲ್ಲಿ ಬಂದರೂ ಪಟ್ಟಿಯಲ್ಲಿ ಇರುವ ವಸ್ತು ಪಟ್ಟಿಯಲ್ಲೇ ಇರುತ್ತದೆ. ರೇಸ್ ಅಥವಾ ಶೋ ಇದ್ದರೆ ಡಬ್ಬಿಯ ಮೇಲಿನ ಪ್ರತಿ ಘಟಕವನ್ನೂ ಪಶುವೈದ್ಯರಿಗೆ ತೋರಿಸಿ. ಮನುಷ್ಯರ ನೋವಿಗೆ ಹಚ್ಚುವ ಡೈಕ್ಲೋಫಿನಾಕ್ ಜೆಲ್ ಕೂಡ ಬೇಡ. ರಣಹದ್ದುಗಳು ಸಾಯಲು ಕಾರಣವಾದದ್ದರಿಂದ ಪ್ರಾಣಿಗಳಿಗೆ ಆ ಔಷಧವನ್ನು ನಮ್ಮ ದೇಶದಲ್ಲಿ 2006ರಲ್ಲೇ ನಿಷೇಧಿಸಿದ್ದಾರೆ. ಕುಂಟುವ ಕಾಲಿಗೆ ಬರೆ ಹಾಕುವುದು, ಬೊಬ್ಬೆ ಏಳುವ ಮದ್ದು ಹಚ್ಚುವುದು ಇನ್ನೂ ಅಲ್ಲಲ್ಲಿ ಉಳಿದಿದೆ. ಅದರಿಂದ ಗಾಯದ ಮೇಲೆ ಇನ್ನೊಂದು ಗಾಯ ಆಗುತ್ತದೆಯೇ ಹೊರತು ಸ್ನಾಯುರಜ್ಜು (ಟೆಂಡನ್) ಬೇಗ ಕೂಡುವುದಿಲ್ಲ. ಯಾರೇ ಹೇಳಲಿ, ಹಾಗೆ ಮಾಡಲು ಬಿಡಬೇಡಿ.

ಪ್ರಶ್ನೆ: ಮುಂಗಾಲಿನ ಹಿಂಬದಿಯ ಸ್ನಾಯುರಜ್ಜು ಹರಿದಿದೆ ಎಂದು ಸ್ಕ್ಯಾನ್‌ನಲ್ಲಿ ಬಂದಿದೆ. ಒಬ್ಬರು ಲೇಸರ್‌ನಿಂದ ಆರು ವಾರದಲ್ಲಿ ಸವಾರಿಗೆ ತರುತ್ತೇನೆ ಎನ್ನುತ್ತಾರೆ, ಇನ್ನೊಬ್ಬರು ಒಂದು ವರ್ಷ ಎನ್ನುತ್ತಾರೆ. ಯಾರ ಮಾತು ಕೇಳಲಿ? — ಪಿಂಪ್ರಿ, ಪುಣೆ

ಉತ್ತರ: ವರ್ಷ ಎಂದವರ ಮಾತು. ಹರಿದ ಜಾಗದಲ್ಲಿ ಮೊದಲು ತುಂಬಿಕೊಳ್ಳುವುದು ಬಲವಿಲ್ಲದ, ಅಡ್ಡಾದಿಡ್ಡಿ ಎಳೆಗಳ ಕೊಲಾಜನ್ ಎಂಬ ಪ್ರೋಟೀನು. ಅದು ತಿಂಗಳುಗಟ್ಟಲೆ ನಿಧಾನವಾಗಿ ಗಟ್ಟಿ ಬಗೆಯದಕ್ಕೆ ಬದಲಾಗುತ್ತದೆ, ಹದವಾಗಿ ಭಾರ ಬಿದ್ದಾಗ ಮಾತ್ರ ಎಳೆಗಳು ನೇರ ಸಾಲಾಗುತ್ತವೆ. ಭಾರವೇ ಬೀಳದಿದ್ದರೆ ಸಾಲಾಗುವುದಿಲ್ಲ, ಬೇಗ ಹೆಚ್ಚು ಬಿದ್ದರೆ ಮತ್ತೆ ಹರಿಯುತ್ತದೆ. ಊತ ಇಳಿದು ಕುಂಟು ನಿಂತದ್ದನ್ನು ವಾಸಿಯಾಯಿತೆಂದು ನಂಬಿ ಓಡಿಸಿದಾಗಲೇ ಎರಡನೆಯ ಸಲ ಹರಿಯುವುದು, ಮತ್ತು ಎರಡನೆಯ ಸಲ ಮೊದಲಿಗಿಂತ ಕೆಟ್ಟದಾಗಿರುತ್ತದೆ.

ಗಾಯದ ತೀವ್ರತೆ ನೋಡಿ ನಿಮ್ಮ ಪಶುವೈದ್ಯರು ಬದಲಿಸಬಹುದು, ಆದರೆ ಸಾಮಾನ್ಯ ಕ್ರಮ ಹೀಗೆ. ಮೊದಲ ಎರಡು ಮೂರು ದಿನ ದಿನಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲ 15–20 ನಿಮಿಷ ತಣ್ಣೀರು ಅಥವಾ ಬಟ್ಟೆಯಲ್ಲಿ ಸುತ್ತಿದ ಐಸ್, ಆಮೇಲೆ ದಪ್ಪ ಹತ್ತಿಯ ಮೇಲೆ ಸಮವಾಗಿ ಕಟ್ಟಿದ ಬ್ಯಾಂಡೇಜು, ಲಾಯದಲ್ಲೇ ವಿಶ್ರಾಂತಿ. ಪಶುವೈದ್ಯರು ಒಪ್ಪಿದ ಮೇಲೆ ಗಟ್ಟಿ ಸಮನೆಲದಲ್ಲಿ ಕೈಯಲ್ಲಿ ಹಿಡಿದು 5–10 ನಿಮಿಷದ ನಡಿಗೆ, ದಿನಕ್ಕೆರಡು ಸಲ. ವಾರಕ್ಕೆ ಐದೈದು ನಿಮಿಷ ಏರಿಸುವುದು. ಸುಮಾರು ಮೂರು ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡಿ, ಎಳೆಗಳು ಕೂಡಿಕೊಳ್ಳುತ್ತಿವೆ ಎಂದು ಕಂಡರೆ ಮಾತ್ರ ಒಂದೆರಡು ನಿಮಿಷದ ಟ್ರಾಟ್. ಕ್ಯಾಂಟರ್ ಅದಕ್ಕೂ ಆಚೆ. ಪೂರ್ತಿ ಕೆಲಸಕ್ಕೆ 9ರಿಂದ 12 ತಿಂಗಳು. ಒಂದು ಹಂತದಿಂದ ಮುಂದಿನದಕ್ಕೆ ಹೋಗುವ ಮುಂಚೆ ಸ್ಕ್ಯಾನ್ ಕೇಳುವ ಚಿಕಿತ್ಸಕರನ್ನೇ ಇಟ್ಟುಕೊಳ್ಳಿ. ಲಾಯದಲ್ಲೇ ನಿಂತು ಬೇಸತ್ತ ಕುದುರೆ ಹೊರಗೆ ಬಂದ ಕೂಡಲೇ ಕುಣಿಯುತ್ತದೆ, ಇಡೀ ತಿಂಗಳ ಕೆಲಸ ಆ ಒಂದು ನಿಮಿಷದಲ್ಲಿ ಹಾಳಾಗಬಹುದು. ಕಾಳು ಕಡಿಮೆ ಮಾಡಿ ಹುಲ್ಲು ಹೆಚ್ಚಿಸುವುದನ್ನು, ಬಿಗಿ ಲಗಾಮು ಹಾಕಿಯೇ ನಡೆಸುವುದನ್ನು ಮೊದಲ ದಿನವೇ ಹೇಳಿಕೊಡುವವರು ಅನುಭವಸ್ಥರು.

ಪ್ರಶ್ನೆ: ಲೇಸರ್, ಅಲ್ಟ್ರಾಸೌಂಡ್, ಶಾಕ್‌ವೇವ್, ಮ್ಯಾಗ್ನೆಟ್ ಹೊದಿಕೆ — ಯಂತ್ರ ಹೆಚ್ಚಿರುವವರೇ ಒಳ್ಳೆಯವರೇ? — ಠಾಣೆ

ಉತ್ತರ: ಅಲ್ಲ. ಯಂತ್ರ ಬಳಸುವವರ ಕೈಚಳಕ ಸಣ್ಣ ಸಂಗತಿಗಳಲ್ಲಿ ಕಾಣುತ್ತದೆ. ಚಿಕಿತ್ಸೆಯ ಅಲ್ಟ್ರಾಸೌಂಡ್ ಕೂದಲಿನ ಮೂಲಕ ಒಳಗೆ ಹೋಗದು. ಕೂದಲು ಬೋಳಿಸಿ ಜೆಲ್ ಹಚ್ಚದೆ ಇಟ್ಟರೆ ನಿಮ್ಮ ದುಡ್ಡು ಗಾಳಿಗೆ ಹೋಯಿತು. ಪ್ರೋಬ್ ಒಂದೇ ಜಾಗದಲ್ಲಿ ನಿಲ್ಲಿಸಿದರೆ ಒಳಗೆ ಸುಡುತ್ತದೆ. ಲೇಸರ್ ಹಿಡಿದಾಗ ಚಿಕಿತ್ಸಕರಿಗೂ ಕುದುರೆ ಹಿಡಿದವರಿಗೂ ಅದಕ್ಕೆಂದೇ ಇರುವ ಕನ್ನಡಕ ಬೇಕು, ಕುದುರೆಯ ಕಣ್ಣಿಗೂ ಬೀಳಬಾರದು. ಕಪ್ಪು ಕೂದಲು, ಕಪ್ಪು ಚರ್ಮ ಹೆಚ್ಚು ಬಿಸಿ ಹೀರುತ್ತದೆ, ಹಾಗಾಗಿ ಶಕ್ತಿಶಾಲಿ ಲೇಸರ್‌ನಲ್ಲಿ ಕಪ್ಪು ಕುದುರೆಗೂ ಬಿಳಿ ಕುದುರೆಗೂ ಒಂದೇ ಪ್ರಮಾಣ ಇಡುವವರಿಂದ ಸುಟ್ಟ ಗಾಯ ಆಗುತ್ತದೆ. ಗಾಯದ ಜಾಗಕ್ಕೆ ಒತ್ತಡದ ಅಲೆ ಹಾಯಿಸುವ ಶಾಕ್‌ವೇವ್ ಪಶುವೈದ್ಯರೇ ಮಾಡಬೇಕಾದದ್ದು. ಅದು ಕೆಲವು ದಿನ ನೋವನ್ನು ಮರಗಟ್ಟಿಸುತ್ತದೆ, ಒಳಗಾಯ ಇದ್ದಂತೆಯೇ ಇರುವಾಗ ಕುದುರೆ ಓಡಿ ಇನ್ನಷ್ಟು ಹರಿದುಕೊಳ್ಳಬಹುದು. ಸ್ಪರ್ಧೆಗೆ ಮುಂಚಿನ ದಿನಗಳಲ್ಲಿ ಅದಕ್ಕೆ ನಿಷೇಧವಿರುವುದು ಇದೇ ಕಾರಣಕ್ಕೆ. "ಮೂಳೆ ಜಾಗ ಬಿಟ್ಟು ಸರಿದಿತ್ತು, ಕೂರಿಸಿದೆ" ಎನ್ನುತ್ತ ಸುತ್ತಿಗೆ ಎತ್ತುವವರನ್ನು ಲಾಯದೊಳಗೆ ಬಿಡಬೇಡಿ. ಇಷ್ಟು ದಪ್ಪ ಸ್ನಾಯುಗಳ ಕೆಳಗಿನ ಬೆನ್ನುಮಣಿ ಜಾಗ ಬಿಟ್ಟು ಸರಿದಿದ್ದರೆ ಆ ಕುದುರೆ ನಿಮ್ಮೆದುರು ನಡೆದು ಬರುತ್ತಿರಲಿಲ್ಲ.

ಪ್ರಶ್ನೆ: ಮಾಥೇರಾನ್‌ನಲ್ಲಿ ಪ್ರವಾಸಿಗಳನ್ನು ಹೊರುವ ಎರಡು ಕುದುರೆಗಳಿವೆ. ಸಂಜೆಗೆ ಬೆನ್ನು ಮುಟ್ಟಲು ಬಿಡುವುದಿಲ್ಲ. ಫಿಸಿಯೊದವರನ್ನು ಕರೆಸುವಷ್ಟು ಶಕ್ತಿ ನಮಗಿಲ್ಲ. ನಾವೇ ಏನು ಮಾಡಬಹುದು? — ನೇರಳ್

ಉತ್ತರ: ನಿಮ್ಮ ದುಡ್ಡನ್ನು ಮೊದಲು ಲಾಳಕ್ಕೂ ಜೀನಿಗೂ ಹಾಕಿ, ಚಿಕಿತ್ಸಕರು ಆಮೇಲೆ. ಇಳಿಜಾರಿನಲ್ಲಿ ಭಾರವೆಲ್ಲ ಮುಂಗಾಲಿಗೆ ಬೀಳುತ್ತದೆ. ಪೇವರ್ ಬ್ಲಾಕ್ ಇರುವ ಕಡೆ ಕುದುರೆ ಜಾರದಂತೆ ಬೆನ್ನು ಬಿಗಿಹಿಡಿಯುತ್ತದೆ. ಗೊರಸಿನ ಮುಂತುದಿ ಉದ್ದ ಬೆಳೆದಿದ್ದರೆ ಪ್ರತಿ ಹೆಜ್ಜೆಗೂ ಹಿಂಬದಿಯ ಸ್ನಾಯುರಜ್ಜು ಹೆಚ್ಚು ಎಳೆಯುತ್ತದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಗೊರಸು ಕೆತ್ತಿಸಿ ಲಾಳ ಹೊಡೆಸಲೇಬೇಕು. ಜೀನಿನ ಕೆಳಗಿನ ಕಂಬಳಿಯನ್ನು ದಿನವೂ ಒಗೆದು ಒಣಗಿಸಿ, ಭುಜದ ದಿಬ್ಬದ ಮೇಲೆ ಅದನ್ನು ಮೇಲಕ್ಕೆತ್ತಿ ಗಾಳಿಯಾಡುವಂತೆ ಹಾಕಿ. ಭಾರದ ಸವಾರರನ್ನು ಒಂದೇ ಕುದುರೆಗೆ ಸಾಲಾಗಿ ಕೂರಿಸಬೇಡಿ. ಜಾಗ ಸಿಕ್ಕಲ್ಲೆಲ್ಲ ಇಳಿಸಿ ಹೊಟ್ಟೆಪಟ್ಟಿ ಸಡಿಲಿಸಿ.

ಮನೆಯಲ್ಲಿ ಮಾಡುವ ಒಂದು ವ್ಯಾಯಾಮ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ: ಗಜ್ಜರಿ ತೋರಿಸಿ ಕತ್ತು ಬಾಗಿಸುವುದು. ಹತ್ತು ನಿಮಿಷ ನಡೆಸಿ ಮೈ ಬಿಸಿಯಾದ ಮೇಲೆ, ಜಾರದ ಸಮನೆಲದಲ್ಲಿ ಹಿಂಭಾಗವನ್ನು ಗೋಡೆಗೆ ಹತ್ತಿರ ನಿಲ್ಲಿಸಿ. ಉದ್ದನೆಯ ಗಜ್ಜರಿಯನ್ನು ಎದೆಗೆ, ಮಂಡಿಗಳ ನಡುವೆ, ಕಾಲಿನ ಕೆಳಗಂಟಿನ ನಡುವೆ, ಆಮೇಲೆ ಪಕ್ಕಕ್ಕೆ ಹೊಟ್ಟೆಪಟ್ಟಿಯ ಜಾಗಕ್ಕೆ, ಸೊಂಟದ ಕಡೆಗೆ, ಹಿಂಗಾಲಿನ ಹಾಕ್ ಕಡೆಗೆ ಒಯ್ಯಿರಿ, ಪಕ್ಕದವನ್ನು ಎಡಬಲ ಎರಡೂ ಕಡೆ. ಗದ್ದ ಅಲ್ಲಿಗೆ ಬಂದಾಗ ಐದು ಸೆಕೆಂಡ್ ಹಿಡಿದು ಬಿಡಿ. ಪ್ರತಿಯೊಂದೂ ಐದು ಸಲ, ವಾರಕ್ಕೆ ಐದು ದಿನ. ಅಮೆರಿಕದ ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದ ಹಿಲರಿ ಕ್ಲೇಟನ್ ಅವರ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಟು ಕುದುರೆಗಳಿಗೆ ಹೀಗೆಯೇ ಮೂರು ತಿಂಗಳು ಮಾಡಿಸಿದಾಗ ಬೆನ್ನುಮೂಳೆಗೆ ಒತ್ತಿ ಕೂತ ಆಳದ ಸ್ನಾಯು ದಪ್ಪವಾದದ್ದು ಸ್ಕ್ಯಾನ್‌ನಲ್ಲಿ ಕಂಡಿತು. ತಲೆಯನ್ನು ಕೈಯಿಂದ ಎಳೆಯಬೇಡಿ, ಕುದುರೆ ತಾನಾಗಿ ಬಾಗಬೇಕು. ಮೊದಲ ವಾರ ಹಾಕ್‌ವರೆಗೆ ತಲುಪದಿದ್ದರೆ ಸೊಂಟದವರೆಗೆ ಸಾಕು. ಗಜ್ಜರಿಯನ್ನು ಉದ್ದಕ್ಕೆ ಹಿಡಿದರೆ ಬೆರಳು ಉಳಿಯುತ್ತದೆ.

ಕೆಲಸದ ನಡುವೆ ಕುದುರೆ ತಟ್ಟನೆ ನಿಂತು, ಬೆವರು ಸುರಿದು, ಪೃಷ್ಠ ಗಟ್ಟಿಯಾಗಿ ಹೆಜ್ಜೆ ಇಡಲು ಒಲ್ಲೆ ಎಂದರೆ ಅಲ್ಲೇ ನಿಲ್ಲಿಸಿ ನೀರು ಕೊಟ್ಟು ಪಶುವೈದ್ಯರಿಗೆ ಫೋನ್ ಮಾಡಿ. ತಿಕ್ಕಬೇಡಿ, ನಡೆಸಿಕೊಂಡು ಕೆಳಗೆ ತರಲೂ ಬೇಡಿ.

ಪ್ರಶ್ನೆ: ಗೋವಾದ ಬೀಚಿನಲ್ಲಿ ದಿನವೂ ಕುದುರೆ ಓಡಿಸುವುದು ಕಾಲಿಗೆ ಒಳ್ಳೆಯದೇ? ಇಲ್ಲಿ ಚಿಕಿತ್ಸಕರು ಸಿಗುವುದು ಅಪರೂಪ, ಪುಣೆಯವರು ವಿಡಿಯೊ ನೋಡಿ ಹೇಳುತ್ತೇವೆ ಎನ್ನುತ್ತಾರೆ. — ಮಡಗಾಂವ್

ಉತ್ತರ: ಒಣ ಮರಳು ಕಾಲನ್ನು ನುಂಗುತ್ತದೆ, ಪ್ರತಿ ಹೆಜ್ಜೆಗೂ ಸ್ನಾಯುರಜ್ಜು ಹೆಚ್ಚು ಎಳೆದು ಬೇಗ ದಣಿಯುತ್ತದೆ. ಅಲೆ ಹಿಂದೆ ಸರಿದು ಗಟ್ಟಿಯಾದ ಒದ್ದೆ ಮರಳಿನಲ್ಲಿ ನಡಿಗೆ, ಸಣ್ಣ ಟ್ರಾಟ್ ಸರಿ. ಅದೂ ಹತ್ತು ನಿಮಿಷದಿಂದ ಆರಂಭಿಸಿ ನಿಧಾನ ಏರಿಸಿ. ಕೆಲಸದ ಬಳಿಕ ಮೊಣಕಾಲಿನವರೆಗೆ ಸಮುದ್ರದಲ್ಲಿ ನಿಲ್ಲಿಸುವುದು ತಂಪು ಚಿಕಿತ್ಸೆಯಂತೆಯೇ, ಆಮೇಲೆ ಸಿಹಿನೀರಿನಿಂದ ತೊಳೆದು ಒಣಗಿಸಲೇಬೇಕು. ಮಳೆಗಾಲದಲ್ಲಿ ಬೆನ್ನಿನ ಮೇಲೆ ಹಕ್ಕಳೆ ಎದ್ದು ಕೂದಲು ಗೊಂಚಲಾಗಿ ಕಿತ್ತುಬಂದರೆ ಅದು ಚರ್ಮದ ಸೋಂಕು. ವಾಸಿಯಾಗುವವರೆಗೆ ಅಲ್ಲಿ ಮಾಲೀಶು, ಜೀನು ಎರಡೂ ಬೇಡ.

ವಿಡಿಯೊ ಉಪಯುಕ್ತ, ಆದರೆ ಪಶುವೈದ್ಯರ ಪರೀಕ್ಷೆಯ ಜಾಗಕ್ಕೆ ಬರಲಾರದು. ಗಟ್ಟಿ ಸಮನೆಲದಲ್ಲಿ ಫೋನನ್ನು ಅಡ್ಡವಾಗಿ, ಕುದುರೆಯ ಮೊಣಕಾಲಿನ ಎತ್ತರದಲ್ಲಿ ಅಲುಗದಂತೆ ಹಿಡಿದು, ನೇರ ಹೋಗುವುದು, ನೇರ ಬರುವುದು, ಪಕ್ಕದಿಂದ ಹಾದುಹೋಗುವುದು — ಮೂರನ್ನೂ ನಡಿಗೆಯಲ್ಲಿ, ಟ್ರಾಟ್‌ನಲ್ಲಿ ತೆಗೆಯಿರಿ, ಒಂದು ಸಲ ಸ್ಲೋ ಮೋಷನ್‌ನಲ್ಲಿ. ಹಿಡಿದವರು ಲಗಾಮು ಸಡಿಲ ಬಿಡಬೇಕು, ಇಲ್ಲದಿದ್ದರೆ ತಲೆಯ ಏರಿಳಿತ ಕಾಣುವುದೇ ಇಲ್ಲ.

ಪ್ರಶ್ನೆ: ಎಷ್ಟು ಸಲ ಬಂದ ಮೇಲೆ ಗುಣ ಕಾಣಬೇಕು? — ಔಂಧ್, ಪುಣೆ

ಉತ್ತರ: ಸ್ನಾಯು ಬಿಗಿತವಾದರೆ ಎರಡು ಮೂರು ಭೇಟಿಗಳಲ್ಲಿ, ಅಂದರೆ ಮೂರು ನಾಲ್ಕು ವಾರದಲ್ಲಿ ಬದಲಾವಣೆ ಕಾಣಬೇಕು. ಕಾಣದಿದ್ದರೆ ನಾಲ್ಕನೆಯ ಭೇಟಿಗೆ ದುಡ್ಡು ಕೊಡುವ ಬದಲು ಪಶುವೈದ್ಯರ ಬಳಿ ಮರಳಿ, ರೋಗ ನಿರ್ಣಯವೇ ತಪ್ಪಿರಬಹುದು. ಸ್ನಾಯು ಬೆಳೆಯಲು ಕನಿಷ್ಠ ಮೂರು ತಿಂಗಳು ಬೇಕು, ಅದಕ್ಕೆ ಅವಸರ ಬೇಡ. ನೆನಪನ್ನು ನಂಬದೆ ಅಳೆಯಿರಿ: ಮೊದಲ ದಿನ ಹಿಂದಿನಿಂದ, ಪಕ್ಕದಿಂದ ತೆಗೆದ ಫೋಟೊ, ಒಂದೇ ಜಾಗದಲ್ಲಿ ತೆಗೆದ ಟ್ರಾಟ್ ವಿಡಿಯೊ, ಎರಡೂ ಮುಂಗಾಲಿನ ಮೇಲ್ಭಾಗದಲ್ಲಿ ಒಂದೇ ಎತ್ತರಕ್ಕೆ ಗುರುತು ಮಾಡಿ ತೆಗೆದ ಸುತ್ತಳತೆ. ತಿಂಗಳಿಗೊಮ್ಮೆ ಅದೇ ಹೊತ್ತಿಗೆ, ಅದೇ ನೆಲದಲ್ಲಿ ಮತ್ತೆ. ಚಿಕಿತ್ಸೆಯ ಮರುದಿನ ಸವಾರಿ ಬೇಡ, 15–20 ನಿಮಿಷ ಕೈಯಲ್ಲಿ ನಡೆಸಿ. ಒಂದು ದಿನ ಸ್ವಲ್ಪ ಬಿಗಿ ಕಂಡರೆ ಗಾಬರಿ ಬೇಡ. ಎರಡು ದಿನ ದಾಟಿ ನೋವು ಹೆಚ್ಚಿದರೆ, ಮೇವು ಬಿಟ್ಟರೆ, ಮಾಡಿದವರಿಗೂ ಪಶುವೈದ್ಯರಿಗೂ ಅಂದೇ ತಿಳಿಸಿ. ಲಾಳ ಹೊಡೆಸುವ ದಿನವೇ ಚಿಕಿತ್ಸೆ ಇಟ್ಟುಕೊಳ್ಳಬೇಡಿ; ಗೊರಸಿನ ಕೋನ ಬದಲಾದ ಮೇಲೆ ಮೈ ಹೊಂದಿಕೊಳ್ಳಲು ಎರಡು ಮೂರು ದಿನ ಬಿಟ್ಟು ಚಿಕಿತ್ಸಕರನ್ನು ಕರೆಸಿ.